ಟೈಪ್‌ರೈಟರ್ ರಿಪೇರಿಯಿಂದ ಮನೆ ಕಂಪ್ಯೂಟರಿಗೆ: ಜ್ಯಾಕ್ ಟ್ರಾಮಿಯೆಲ್

ಮಕ್ಕಳೇ, ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆಯೂ ಒಂದು ಬಗೆಯ ಕಂಪ್ಯೂಟರೇ. ಹಾಗಾದರೆ ಮನೆಗೆ ಅದೊಂದೇ ಸಾಲದೇ? ಸಾಲದು ಎಂದು ಹಟ ಹಿಡಿದವರು ಜ್ಯಾಕ್ ಟ್ರಾಮಿಯೆಲ್.

ಇವರು 1928ರಲ್ಲಿ ಪೋಲೆಂಡಿನ ಲೋಡ್ಜ್ ನಗರದ ಯಹೂದಿ ಕುಟುಂಬದಲ್ಲಿ ಜನಿಸಿದರು. ನಾಜಿಗಳು ಇವರನ್ನು ಆಶ್‌ವಿಟ್ಜ್ ಶಿಬಿರಕ್ಕೆ ಒಯ್ದಾಗ ಹದಿನಾರೂ ತುಂಬಿರಲಿಲ್ಲ. ತಂದೆ ಸೆರೆಯಲ್ಲೇ ತೀರಿಕೊಂಡರು. 1945ರಲ್ಲಿ ಬಿಡುಗಡೆಯಾದ ಜ್ಯಾಕ್ ಮುಂದೆ ಅಮೆರಿಕ ಸೇರಿ, ಸೈನ್ಯದಲ್ಲಿ ಟೈಪ್‌ರೈಟರ್ ರಿಪೇರಿ ಕಲಿತು, ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದರು. ಅದೇ ಬೆಳೆದು ಕಮೊಡೋರ್ ಕಂಪನಿಯಾಯಿತು.

1976ರಲ್ಲಿ ಅವರು ಚಿಪ್ ತಯಾರಿಸುವ ಕಂಪನಿಯನ್ನೇ ಕೊಂಡರು. ಚಿಪ್ ಸ್ವಂತದ್ದಾದ್ದರಿಂದ ಕಂಪ್ಯೂಟರ್ ಅಗ್ಗವಾಯಿತು. 1981ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ವಿಕ್-20ರ ಬೆಲೆ 300 ಡಾಲರಿನೊಳಗೆ. ಇದನ್ನೂ ಟಿ.ವಿ.ಗೆ ಜೋಡಿಸಿ ಆಡಬಹುದಿತ್ತು. ಆದರೆ ಇದಕ್ಕೆ ಕೀಲಿಮಣೆ ಇತ್ತು, ಒಳಗೆ ಬೇಸಿಕ್ ಭಾಷೆ ಇತ್ತು. ಆಟ ಆಡುವ ಹುಡುಗಿ ತಾನೇ ಹೊಸ ಆಟ ಬರೆಯಬಹುದಿತ್ತು. ವ್ಯತ್ಯಾಸ ಇರುವುದು ಇಲ್ಲೇ ನೋಡಿ!

1982ರಲ್ಲಿ ಕಮೊಡೋರ್ 64 ಬಂತು. ಮರುವರ್ಷ, ಹಳೆಯ ಗೇಮ್ ಪೆಟ್ಟಿಗೆ ತಂದುಕೊಟ್ಟವರಿಗೆ 100 ಡಾಲರ್ ರಿಯಾಯಿತಿ! (ಟ್ರಾಮಿಯೆಲ್ ವ್ಯಾಪಾರದಲ್ಲಿ ಬಲು ಗಟ್ಟಿಗರು.) 1983ರಲ್ಲೇ ಅಮೆರಿಕದಲ್ಲಿ ಗೇಮ್ ಪೆಟ್ಟಿಗೆಗಳ ಮಾರುಕಟ್ಟೆ ಕುಸಿಯಿತು. ಕಳಪೆ ಆಟಗಳ ಜೊತೆಗೆ ಅಗ್ಗದ ಕಂಪ್ಯೂಟರುಗಳೂ ಅದಕ್ಕೆ ಕಾರಣ.

1984ರಲ್ಲಿ ಕಮೊಡೋರ್ ತೊರೆದ ಅವರು, ಗೇಮ್ ಪೆಟ್ಟಿಗೆಗೆ ಹೆಸರಾಗಿದ್ದ ಆಟಾರಿಯ ಗೃಹಬಳಕೆ ವಿಭಾಗವನ್ನೇ ಕೊಂಡರು. 1987ರಲ್ಲಿ ಆಟಾರಿ, ಕೀಲಿಮಣೆ ಸಿಕ್ಕಿಸಿದರೆ ಕಂಪ್ಯೂಟರ್ ಆಗುವ ಗೇಮ್ ಪೆಟ್ಟಿಗೆಯೊಂದನ್ನು ತಂದಿತು. ಅದು ಹೆಚ್ಚು ಓಡಲಿಲ್ಲ. ಆಟವಷ್ಟೇ ಬೇಕಾದವರು ಕೀಲಿಮಣೆ ಇಲ್ಲದ ನಿಂಟೆಂಡೊ ಕೊಂಡರು.

ಟ್ರಾಮಿಯೆಲ್ 2012ರ ಏಪ್ರಿಲ್ 8ರಂದು ನಿಧನರಾದರು.