ಮೆಂಫಿಸ್ ನಗರದ ಬಾನುಲಿ ಮೇಷ್ಟರು

ಅಮೆರಿಕದ ಕಪ್ಪು ಜನರ ಇಗರ್ಜಿಯ ಹಾಡೂ ಬೀದಿಯ ‘ಬ್ಲೂಸ್’ ಹಾಡೂ ಬೆರೆತು ‘ಸೋಲ್’ ಸಂಗೀತ ಹುಟ್ಟಿತು. ಅದರ ಚರಿತ್ರೆಯನ್ನು ಓದುವಾಗ ಗಾಯಕರ ನಡುವೆ, ಹಾಡಿನಿಂದ ಹೆಸರಾಗದ ಒಬ್ಬರು ನನಗೆ ಮತ್ತೆ ಮತ್ತೆ ಎದುರಾದರು. ಅವರು ನ್ಯಾಥನಿಯಲ್ ಡೌಡ್ ವಿಲಿಯಮ್ಸ್. ಊರಿನವರ ಬಾಯಲ್ಲಿ ನ್ಯಾಟ್ ಡಿ. ವೃತ್ತಿಯಿಂದ ಅವರು ಪ್ರೌಢಶಾಲೆಯಲ್ಲಿ ಇತಿಹಾಸ ಹೇಳುವ ಮೇಷ್ಟರು.

ಟೆನೆಸ್ಸಿ ರಾಜ್ಯದ ಮೆಂಫಿಸ್ ನಗರದ ಬೀಲ್ ಬೀದಿಯಲ್ಲಿ ಅವರು 1907ರಲ್ಲಿ ಹುಟ್ಟಿದರು. ಆ ಬೀದಿಯೇ ಅಲ್ಲಿನ ಕಪ್ಪು ಜನರ ಪೇಟೆ, ಅವರ ನಾಟಕಶಾಲೆ, ಅವರ ಹರಟೆಕಟ್ಟೆ. ಅದನ್ನು ದಾಟಿದರೆ ಎಲ್ಲವೂ ಬಿಳಿಯರದು. ಶಾಲೆ ಬೇರೆ, ಬಸ್ಸಿನಲ್ಲಿ ಆಸನ ಬೇರೆ. ಮೃಗಾಲಯಕ್ಕೂ ಕಪ್ಪು ಜನರಿಗೆ ವಾರದಲ್ಲಿ ಒಂದೇ ದಿನ ಪ್ರವೇಶ. ವಿಲಿಯಮ್ಸರು 1930ರ ಸುಮಾರಿಗೆ ಬೂಕರ್ ಟಿ. ವಾಷಿಂಗ್ಟನ್ ಪ್ರೌಢಶಾಲೆಗೆ ಉಪಾಧ್ಯಾಯರಾಗಿ ಸೇರಿ ನಾಲ್ಕು ದಶಕಗಳ ಕಾಲ ಪಾಠ ಹೇಳಿದರು. ಸಂಜೆಗಳು ಬೇರೆ ಕೆಲಸಕ್ಕೆ ಮೀಸಲು. ಪ್ಯಾಲೇಸ್ ಥಿಯೇಟರಿನಲ್ಲಿ ಹವ್ಯಾಸಿ ಕಲಾವಿದರ ಸ್ಪರ್ಧೆಯನ್ನು ಅವರೇ ನಡೆಸಿಕೊಡುತ್ತಿದ್ದರು. ತಮ್ಮ ಶಿಷ್ಯ ರೂಫಸ್ ಥಾಮಸನನ್ನು ಜೊತೆಗೆ ನಿಲ್ಲಿಸಿಕೊಂಡು ಜನರನ್ನು ನಗಿಸುತ್ತಿದ್ದರು. ಪತ್ರಿಕೆಗಳಿಗೆ ಅಂಕಣವನ್ನೂ ಬರೆಯುತ್ತಿದ್ದರು. ಹೀಗಾಗಿ ಬಾನುಲಿಗೆ ಬರುವ ಮೊದಲೇ ಆ ದಪ್ಪ ಕನ್ನಡಕದ ಮೇಷ್ಟರನ್ನು ಅರಿಯದವರು ಬೀಲ್ ಬೀದಿಯಲ್ಲಿ ವಿರಳ.

1947ರಲ್ಲಿ ಬರ್ಟ್ ಫರ್ಗುಸನ್, ಜಾನ್ ಪೆಪ್ಪರ್ ಎಂಬ ಇಬ್ಬರು ಬಿಳಿಯರು ‘ಡಬ್ಲ್ಯು. ಡಿ. ಐ. ಎ.’ ಎಂಬ ಸಣ್ಣ ಬಾನುಲಿ ನಿಲಯವನ್ನು ತೆರೆದರು. ಅವರ ಕಾರ್ಯಕ್ರಮಗಳನ್ನು ಕೇಳುವವರಿಲ್ಲದೆ ನಷ್ಟವಾಯಿತು. ಮುಳುಗುವ ದೋಣಿಯವನಿಗೆ ಯಾವ ದಡವಾದರೇನು! ಕಪ್ಪು ಜನರಿಗಾಗಿಯೇ ಒಂದು ಕಾರ್ಯಕ್ರಮ ನಡೆಸೋಣವೆಂದು ಅವರು ಮೇಷ್ಟರನ್ನು ಕರೆದರು. 1948ನೆಯ ಅಕ್ಟೋಬರ್ 25, ಸೋಮವಾರ, ಸಂಜೆ ನಾಲ್ಕು ಗಂಟೆ. ಧ್ವನಿವರ್ಧಕ ತೆರೆಯಿತು, ಮೇಷ್ಟರಿಗೆ ಆಡಬೇಕಾದ ಮಾತೆಲ್ಲ ಮರೆತುಹೋಯಿತು. ತಮ್ಮ ಅವಸ್ಥೆಗೆ ತಾವೇ ಗಹಗಹಿಸಿ ನಕ್ಕುಬಿಟ್ಟರು. ಆ ನಗುವೇ ಮುಂದೆ ಅವರ ಗುರುತಾಯಿತು. ನಿಲಯಕ್ಕೆ ಬೆದರಿಕೆಗಳು ಬಂದವು, ಬಾಂಬಿನ ಬೆದರಿಕೆ ಕೂಡ. ಒಡೆಯರು ಹಿಂಜರಿಯಲಿಲ್ಲ, ಕೆಲವೇ ತಿಂಗಳಲ್ಲಿ ಇಡೀ ನಿಲಯವೇ ಕಪ್ಪು ಜನರ ಕಾರ್ಯಕ್ರಮಗಳಿಗೆ ಮೀಸಲಾಯಿತು. ಇಂಥ ನಿಲಯ ಆ ದೇಶದಲ್ಲಿ ಅದೇ ಮೊದಲು.

ಅವರ ದಿನಚರಿಯನ್ನು ನೆನೆದರೆ ನನಗೆ ಬೆರಗಾಗುತ್ತದೆ. ಬೆಳಗ್ಗೆ ಬಾನುಲಿ, ಆಮೇಲೆ ಶಾಲೆ, ಸಂಜೆ ನಾಲ್ಕಕ್ಕೆ ಮತ್ತೆ ಬಾನುಲಿ. ಹೆಸರು ಬಂದಿತೆಂದು ಅವರು ಸೀಮೆಸುಣ್ಣವನ್ನು ಕೆಳಗಿಡಲಿಲ್ಲ. ಧ್ವನಿಮುದ್ರಿಕೆ ಹಾಕಿ ಹರಟುವುದರೊಂದಿಗೆ ‘ಬ್ರೌನ್ ಅಮೆರಿಕಾ ಸ್ಪೀಕ್ಸ್’ ಎಂಬ ಚರ್ಚಾಗೋಷ್ಠಿಯನ್ನು ನಡೆಸಿ, ತಮ್ಮವರ ಬಾಳಿನ ಪ್ರಶ್ನೆಗಳನ್ನು ತಮ್ಮವರ ಬಾಯಿಂದಲೇ ಬಾನುಲಿಯಲ್ಲಿ ಆಡಿಸಿದರು. 1954ರಲ್ಲಿ ನಿಲಯದ ಶಕ್ತಿ 50,000 ವ್ಯಾಟ್‌ಗೆ ಏರಿತು. ಮಿಸಿಸಿಪ್ಪಿ ನದಿಯ ಬಯಲಿನಲ್ಲಿ ಹತ್ತಿ ಬಿಡಿಸುವವರ ಗುಡಿಸಲಿಗೂ ಆ ನಗು ಮುಟ್ಟಿತು. ಕಳೆದುಹೋದ ವಸ್ತು, ಕಾಣೆಯಾದ ಬಂಧು, ಎಲ್ಲಕ್ಕೂ ಜನರು ನಿಲಯಕ್ಕೇ ಹೇಳಿಕಳುಹಿಸುತ್ತಿದ್ದರು.

ಆದರೆ ಹೊಗಳಿಕೆಯೊಂದೇ ಸಲ್ಲದು. ಒಡೆತನವೂ ಆಡಳಿತವೂ ಬಿಳಿಯರ ಕೈಯಲ್ಲೇ ಇದ್ದವು. ಜಾಹೀರಾತಿನಿಂದ ಬಂದ ಲಾಭವೂ ಅವರದೇ. ವರ್ಣಭೇದದ ವಿರುದ್ಧ ಆ ನಿಲಯ ಕಹಳೆ ಊದಲಿಲ್ಲ. ಮೇಷ್ಟರ ನಗುವಿನಲ್ಲಿ ಒಂದಿಷ್ಟು ನುಂಗಿಕೊಂಡ ಮಾತೂ ಇತ್ತೆಂದು ನನಗೆ ತೋರುತ್ತದೆ. ಲೇಖನಿ ಹಿಡಿದಾಗ ಮಾತ್ರ ಅವರು ಹರಿತ. 1956ರ ಡಿಸೆಂಬರಿನಲ್ಲಿ ನಿಲಯದ ಧರ್ಮಾರ್ಥ ಸಂಗೀತಸಭೆಗೆ ಎಲ್ವಿಸ್ ಪ್ರೀಸ್ಲಿ ಬಂದ. ಕರಾರಿನ ಕಾರಣದಿಂದ ಹಾಡಲಿಲ್ಲ, ವೇದಿಕೆಗೆ ಬಂದು ಒಮ್ಮೆ ಮೈ ಕುಲುಕಿದ, ಅಷ್ಟೆ. ಕಪ್ಪು ಹುಡುಗಿಯರು ಚೀರಿ ನುಗ್ಗಿದರು. ಅದೇ ನಿಲಯದಲ್ಲಿ ಬೆಳೆದ ಬಿ. ಬಿ. ಕಿಂಗ್‌ಗೆ ಈ ಚೀರಾಟವೇಕಿಲ್ಲ ಎಂದು ಮೇಷ್ಟರು ತಮ್ಮ ಅಂಕಣದಲ್ಲಿ ಕೇಳಿಯೇಬಿಟ್ಟರು. ಇಂದಿಗೂ ಆ ಪ್ರಶ್ನೆ ಹಳತಾಗಿಲ್ಲ.

ಮುಂದಿನ ದಶಕದಲ್ಲಿ ಮೆಂಫಿಸ್ ಸೋಲ್ ಸಂಗೀತದ ತವರಾಯಿತು. ಮುಂದೆ ‘ಸ್ಟ್ಯಾಕ್ಸ್’ ಎಂದು ಹೆಸರಾದ ಮುದ್ರಿಕಾ ಸಂಸ್ಥೆಗೆ 1960ರಲ್ಲಿ ಮೊದಲ ಗೆಲುವು ತಂದವರು ಅವರ ಶಿಷ್ಯ ರೂಫಸ್ ಮತ್ತು ಮಗಳು ಕಾರ್ಲಾ. 1962ರಲ್ಲಿ ‘ಗ್ರೀನ್ ಆನಿಯನ್ಸ್’ ನುಡಿಸಿದ ಬೂಕರ್ ಟಿ. ಜೋನ್ಸ್, ಅನಂತರದ ‘ಬಾರ್-ಕೇಸ್’ ತಂಡದ ಹುಡುಗರು, ಇವರೂ ಮೇಷ್ಟರ ಶಾಲೆಯವರೇ.

1972ರಲ್ಲಿ ಪಾರ್ಶ್ವವಾಯು ಬಡಿದು ಶಾಲೆ, ಬಾನುಲಿ ಎರಡೂ ಒಟ್ಟಿಗೆ ನಿಂತವು. 1983ರಲ್ಲಿ ಅವರು ತೀರಿಕೊಂಡರು. ರೂಫಸ್ ಥಾಮಸ್ ಮಾತ್ರ ಮುಪ್ಪಿನಲ್ಲಿ ಮತ್ತೆ ಅದೇ ನಿಲಯಕ್ಕೆ ಬಂದು ಕುಳಿತು, ಹಳೆಯ ಮುದ್ರಿಕೆಗಳನ್ನು ಊರಿಗೆ ಕೇಳಿಸುತ್ತಿದ್ದರು.