ಹೇಜಲ್ ಅಜ್ಜಿಯೂ ಮರ ಹತ್ತುವ ಹಕ್ಕಿಯೂ

ಸಮಾಮಿಷ್ ಕಡೆ ನಮ್ಮ ಕನ್ನಡದ ಮನೆಗಳು ತುಂಬಾ ಇವೆ. ಅಲ್ಲೇ ಬೀವರ್ ಲೇಕ್ ಹತ್ತಿರ ನೂರು ಎಕರೆಗೂ ಹೆಚ್ಚು ಜಾಗದಲ್ಲಿ ಒಂದು ಜೌಗು ಪ್ರದೇಶವನ್ನು ಹಾಗೇ ಕಾಪಾಡಿ ಇಟ್ಟಿದ್ದಾರೆ. ಅದರ ಹೆಸರು ಹೇಜಲ್ ವುಲ್ಫ್ ವೆಟ್‌ಲ್ಯಾಂಡ್ಸ್. ಸಿಯಾಟಲ್ ನಗರದ ಉತ್ತರ ಭಾಗದಲ್ಲಿ ಒಂದು ಸರ್ಕಾರಿ ಶಾಲೆಗೂ ಇದೇ ಹೆಸರು. ನಮ್ಮಲ್ಲಿ ಎಷ್ಟೋ ಜನ ಈ ಬೋರ್ಡ್ ನೋಡಿರ್ತೀವಿ, ಯಾರೋ ದೊಡ್ಡ ದಾನಿ ಇರಬೇಕು ಅಂದುಕೊಂಡು ಮುಂದೆ ಹೋಗಿರ್ತೀವಿ. ಹೇಜಲ್ ವುಲ್ಫ್ ದಾನಿಯೂ ಅಲ್ಲ, ವಿಜ್ಞಾನಿಯೂ ಅಲ್ಲ. ವಕೀಲರೊಬ್ಬರ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಕೆಲಸಗಾರ್ತಿ. ನಮ್ಮ ಹಾಗೆ ಬೇರೆ ದೇಶದಿಂದ ಕೆಲಸ ಹುಡುಕಿಕೊಂಡು ಬಂದವರು. ಈ ದೇಶದ ಸರ್ಕಾರ ಅವರನ್ನು ಹೊರಗೆ ಹಾಕೋಕೆ ವರ್ಷಗಟ್ಟಲೆ ಪ್ರಯತ್ನ ಮಾಡಿತು. ಅಂಥವರ ಹೆಸರು ಇವತ್ತು ಇಲ್ಲಿನ ನೆಲಕ್ಕೆ ಅಂಟಿಕೊಂಡಿದೆ. ಅದು ಹೇಗಾಯ್ತು ಅನ್ನೋದೇ ಈ ಲೇಖನ.

ಹೇಜಲ್ ಹುಟ್ಟಿದ್ದು 1898ರ ಮಾರ್ಚ್ 10ರಂದು, ಕೆನಡಾದ ವಿಕ್ಟೋರಿಯಾ ಊರಿನಲ್ಲಿ. ನಾವು ಬೇಸಿಗೆ ರಜೆಗೆ ಸಿಯಾಟಲ್‌ನಿಂದ ಹಡಗು ಹತ್ತಿ ಹೂದೋಟ ನೋಡೋಕೆ ಹೋಗ್ತೀವಲ್ಲ, ಅದೇ ವಿಕ್ಟೋರಿಯಾ. ತಂದೆ ಹಡಗಿನಲ್ಲಿ ದುಡಿಯುತ್ತಿದ್ದವರು. ಹೇಜಲ್ ಇನ್ನೂ ಚಿಕ್ಕವರಿದ್ದಾಗಲೇ ತೀರಿಕೊಂಡರು. ತಾಯಿ ದುಡಿದು ಮಕ್ಕಳನ್ನು ಸಾಕಿದರು. ಬಡವರ ಓಣಿಯಲ್ಲಿ ಬೆಳೆದ ಹುಡುಗಿ, ಆದರೆ ಬಾಯಿ ಜೋರು, ಕಾಲು ಚುರುಕು. ಶಾಲೆಯಲ್ಲಿ ಹುಡುಗರಿಗೆ ಮಾತ್ರ ಬಾಸ್ಕೆಟ್‌ಬಾಲ್ ಇತ್ತು. ಹೇಜಲ್ ನೇರ ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ನಮಗೂ ಬೇಕು ಅಂತ ಕೇಳಿದರು. ಆಡೋಕೆ ಸಾಕಷ್ಟು ಹುಡುಗಿಯರು ಇದ್ದರೆ ನೋಡೋಣ ಅನ್ನೋ ಉತ್ತರ ಬಂತು. ಹೇಜಲ್ ಹುಡುಗಿಯರನ್ನು ಸೇರಿಸಿ ತಂಡ ಕಟ್ಟೇಬಿಟ್ಟರು. ಒಬ್ಬರು ಹೋಗಿ ಕೇಳಿದರೆ ಸಿಗದ್ದು ಹತ್ತು ಜನ ಸೇರಿದರೆ ಸಿಗುತ್ತದೆ. ಮುಂದೆ ಜೀವನ ಪೂರ್ತಿ ಅವರು ಮಾಡಿದ್ದು ಇದನ್ನೇ.

ಮದುವೆಯಾಯಿತು, ಒಬ್ಬಳು ಮಗಳು ಹುಟ್ಟಿದಳು, ಮದುವೆ ಉಳಿಯಲಿಲ್ಲ. 1923ರಲ್ಲಿ ಹೇಜಲ್ ಕೆಲಸಕ್ಕಾಗಿ ಗಡಿ ದಾಟಿ ಅಮೆರಿಕಕ್ಕೆ ಬಂದರು. ಸಿಕ್ಕ ಕೆಲಸ ಮಾಡಿದರು. ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂತು. ಸಿಯಾಟಲ್‌ನ ಬಂದರಿನ ಪಕ್ಕ ಕೆಲಸ ಕಳೆದುಕೊಂಡ ಗಂಡಸರು ತಗಡು, ಹಲಗೆ ಸೇರಿಸಿ ಗುಡಿಸಲು ಹಾಕಿಕೊಂಡಿದ್ದ ಕಾಲ ಅದು. ಹೂವರ್‌ವಿಲ್ ಅಂತ ಅದಕ್ಕೆ ಹೆಸರು. ಇವತ್ತು ದೊಡ್ಡ ದೊಡ್ಡ ಹಡಗಿನ ಕಂಟೇನರುಗಳು ಇಳಿಯುವ ಜಾಗದ ಹತ್ತಿರವೇ ಅದು ಇತ್ತು. ಹೇಜಲ್ ಕೂಡ ಕೆಲಸವಿಲ್ಲದವರ ಸಾಲಿನಲ್ಲಿ ನಿಂತವರೇ. ಕೆಲಸವಿಲ್ಲದವರ ಪರವಾಗಿ ಆಗ ಬೀದಿಗೆ ಇಳಿದವರಲ್ಲಿ ಕಮ್ಯುನಿಸ್ಟ್ ಪಕ್ಷದವರು ಮುಂದಿದ್ದರು. ಹೇಜಲ್ ಆ ಪಕ್ಷ ಸೇರಿದರು. ಕೆಲವು ವರ್ಷ ಇದ್ದು, ಆಮೇಲೆ ತಾವೇ ಬಿಟ್ಟರು.

ಅವರು ಪಕ್ಷ ಬಿಟ್ಟರೂ ಫೈಲು ಅವರನ್ನು ಬಿಡಲಿಲ್ಲ. 1940ರ ದಶಕದ ಕೊನೆಗೆ ಇಡೀ ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಹುಡುಕಿ ಹುಡುಕಿ ಹಿಡಿಯುವ ಗಾಳಿ ಎದ್ದಿತ್ತು. ಹೇಜಲ್ ಆಗ ಜಾನ್ ಕಾಗ್ಲನ್ ಎಂಬ ನಾಗರಿಕ ಹಕ್ಕುಗಳ ವಕೀಲರ ಹತ್ತಿರ ಕಾರ್ಯದರ್ಶಿಯಾಗಿ ಕೆಲಸ ಮಾಡುತ್ತಿದ್ದರು. ಅವರಿಗೆ ಇನ್ನೂ ಪೌರತ್ವ ಸಿಕ್ಕಿರಲಿಲ್ಲ. ವಲಸೆ ಇಲಾಖೆಯವರು ಬಂಧಿಸಿ, ಸರ್ಕಾರವನ್ನು ಬಲಪ್ರಯೋಗದಿಂದ ಉರುಳಿಸಲು ಹೊರಟವರು ಅನ್ನೋ ಆರೋಪ ಹೊರಿಸಿ ಗಡೀಪಾರಿನ ಕೇಸು ಹಾಕಿದರು. ಐವತ್ತು ದಾಟಿದ, ಟೈಪ್‌ರೈಟರ್ ಮುಂದೆ ಕೂತು ಸಂಬಳ ತಗೊಳ್ಳುವ ಹೆಂಗಸು! ಜೈಲಿನ ಒಳಗನ್ನೂ ನೋಡಿ ಬಂದರು. ಅರ್ಜಿ, ವಿಚಾರಣೆ, ಮೇಲ್ಮನವಿ, ಮತ್ತೆ ವಿಚಾರಣೆ ಅಂತ ಕೇಸು ಹದಿನೈದು ವರ್ಷದ ಆಸುಪಾಸು ಎಳೆಯಿತು.

ಇದನ್ನು ಓದುವಾಗ ನಮ್ಮವರಿಗೆ ಒಳಗೆ ಏನಾಗುತ್ತೆ ಅಂತ ನನಗೆ ಗೊತ್ತು. ಅಂಚೆಯಲ್ಲಿ ಬಂದ ಒಂದು ಲಕೋಟೆಗೆ ಮನೆಮಂದಿಯೆಲ್ಲ ಎದೆ ಹಿಡಿದುಕೊಳ್ಳುವುದು, ವೀಸಾ ಮುಗಿಯುವ ತಾರೀಖನ್ನು ಮಕ್ಕಳ ಹುಟ್ಟಿದ ಹಬ್ಬಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುವುದು, ಇವೆಲ್ಲ ನಮಗೆ ಹೊಸದಲ್ಲ. ಕಾಗದ ಬರೋವರೆಗೂ ಈ ಊರು ನಮ್ಮದಲ್ಲ, ಸುಮ್ಮನೆ ಇದ್ದುಬಿಡೋಣ ಅನ್ನೋ ಮನಸ್ಸು ಬರೋದು ಸಹಜ. ಹೇಜಲ್ ಸುಮ್ಮನೆ ಇರಲಿಲ್ಲ. ಅವರ ಕಥೆ ನಿಜವಾಗಿ ಇಲ್ಲಿಂದ ಶುರುವಾಗುತ್ತೆ.

ಸಿಯಾಟಲ್‌ನಲ್ಲಿ ಎಮಿಲಿ ಹೇಗ್ ಎಂಬ ಹಿರಿಯ ಪರಿಸರ ಕಾರ್ಯಕರ್ತೆ ಇದ್ದರು. 1916ರಲ್ಲಿ ಶುರುವಾದ ಸಿಯಾಟಲ್ ಆಡುಬಾನ್ ಸೊಸೈಟಿ ಎಂಬ ಹಕ್ಕಿಪ್ರಿಯರ ಸಂಘಕ್ಕೆ ಸೇರು ಅಂತ ಹೇಜಲ್‌ಗೆ ಬೆನ್ನು ಹತ್ತಿದರು. ಹೇಜಲ್‌ಗೆ ಹಕ್ಕಿಗಳ ಮೇಲೆ ಅಂಥ ಆಸಕ್ತಿ ಇರಲಿಲ್ಲ. ಒತ್ತಾಯಕ್ಕೆ ಒಪ್ಪಿ ವೆಸ್ಟ್ ಸಿಯಾಟಲ್‌ನ ಲಿಂಕನ್ ಪಾರ್ಕಿನಲ್ಲಿ ನಡೆದ ಹಕ್ಕಿ ನೋಡುವ ನಡಿಗೆಗೆ ಹೋದರು. ವಯಸ್ಸು ಅರವತ್ತರ ಹತ್ತಿರ. ಅಲ್ಲಿ ಯಾರೋ ಅವರಿಗೆ ಬ್ರೌನ್ ಕ್ರೀಪರ್ ಹಕ್ಕಿಯನ್ನು ತೋರಿಸಿದರು.

ಬ್ರೌನ್ ಕ್ರೀಪರ್ ನೋಡೋಕೆ ಏನೂ ಚಂದ ಇಲ್ಲ. ಗುಬ್ಬಿಗಿಂತ ಚಿಕ್ಕದು. ಬೆನ್ನಿನ ಬಣ್ಣ ಮರದ ತೊಗಟೆಯದ್ದೇ, ಅಲ್ಲಾಡದಿದ್ದರೆ ಕಾಣೋದೇ ಇಲ್ಲ. ಕೊಕ್ಕು ತೆಳ್ಳಗೆ ಬಾಗಿರುತ್ತೆ, ಅದರಿಂದ ತೊಗಟೆಯ ಸಂದಿಯ ಹುಳು, ಜೇಡ ಕಿತ್ತು ತಿನ್ನುತ್ತೆ. ಬಾಲದ ಗರಿ ಗಡುಸು, ಅದನ್ನೇ ಮರಕ್ಕೆ ಊರಿಕೊಂಡು ಹತ್ತುತ್ತೆ. ವಿಶೇಷ ಇರೋದು ಅದರ ಕೆಲಸದ ಕ್ರಮದಲ್ಲಿ. ಮರದ ಬುಡದಲ್ಲಿ ಶುರುಮಾಡಿ, ಕಾಂಡದ ಸುತ್ತ ಸುತ್ತುತ್ತಾ ಮೇಲಕ್ಕೆ ಹತ್ತುತ್ತೆ. ಮೇಲೆ ಮುಟ್ಟಿದ ಮೇಲೆ ಹಾರಿ ಪಕ್ಕದ ಮರದ ಬುಡಕ್ಕೆ ಬಂದು ಇಳಿಯುತ್ತೆ, ಮತ್ತೆ ಮೇಲಕ್ಕೆ. ದಿನವಿಡೀ ಇದೇ. ನಮ್ಮೂರಲ್ಲಿ ಲೈನ್‌ಮನ್ ಒಂದು ಕಂಬದ ಕೆಲಸ ಮುಗಿಸಿ ಇನ್ನೊಂದು ಕಂಬದ ಬುಡಕ್ಕೆ ನಡೆಯೋ ಹಾಗೆ.

ಹೇಜಲ್‌ಗೆ ಅದರಲ್ಲಿ ತಮ್ಮ ಬದುಕೇ ಕಂಡಿತಂತೆ. ಬೆಳಿಗ್ಗೆ ಎದ್ದು, ದುಡಿದು, ಮತ್ತೆ ಮರುದಿನ ಅದೇ ಕೆಲಸಕ್ಕೆ ಹೊರಡುವ ಜೀವ. ಇಂಥ ಹಕ್ಕಿಗಾಗಿ ಏನಾದರೂ ಮಾಡಬೇಕು ಅನ್ನಿಸಿತು. ನಾನು ಊರಲ್ಲಿ ಐಟಿಐ ಮುಗಿಸಿ, ವರ್ಷಗಟ್ಟಲೆ ವೈರಿಂಗ್ ಮಾಡಿ, ಇಲ್ಲಿಗೆ ಬಂದ ಮೇಲೆ ಮತ್ತೆ ಟ್ರೇನಿ ಕಾರ್ಡ್ ಹಿಡಿದವನು. ವಾಷಿಂಗ್ಟನ್ ರಾಜ್ಯದಲ್ಲಿ ಎಲ್ಲ ಥರದ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟಿಗೆ 8000 ಗಂಟೆಯ ಕೆಲಸ ತೋರಿಸಬೇಕು. ಒಂದು ಮರದ ತುದಿಯಿಂದ ಇನ್ನೊಂದು ಮರದ ಬುಡಕ್ಕೆ ಬಂದು ಇಳಿಯೋದು ಅಂದ್ರೆ ಏನು ಅಂತ ವಲಸೆ ಬಂದವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದೆ ಹೇಜಲ್ ಸಿಯಾಟಲ್ ಆಡುಬಾನ್‌ನ ಕಾರ್ಯದರ್ಶಿಯಾದರು. ಮೂವತ್ತು ವರ್ಷಕ್ಕೂ ಮೀರಿ ಆ ಕೆಲಸ ಬಿಡಲಿಲ್ಲ. ಅಧ್ಯಕ್ಷರು ಬಂದರು, ಹೋದರು. ಸಭೆಯ ವರದಿ ಬರೆಯೋದು, ಪತ್ರ ಕಳಿಸೋದು, ಸದಸ್ಯರಿಗೆ ಫೋನ್ ಮಾಡೋದು, ಇವನ್ನೆಲ್ಲ ಹೇಜಲ್ ನೋಡಿಕೊಂಡರು. 1965ರಲ್ಲಿ ವಕೀಲರ ಆಫೀಸಿನಿಂದ ನಿವೃತ್ತರಾದ ಮೇಲಂತೂ ಪೂರ್ತಿ ಇದೇ ಕೆಲಸ. ವಾಷಿಂಗ್ಟನ್ ರಾಜ್ಯದ ಊರೂರಿಗೆ ಹೋಗಿ ಇಪ್ಪತ್ತಕ್ಕೂ ಹೆಚ್ಚು ಆಡುಬಾನ್ ಶಾಖೆಗಳನ್ನು ಕಟ್ಟಲು ನೆರವಾದರು. ಯೂನಿಯನ್‌ನವರು ಕಾರ್ಮಿಕರನ್ನು ಸೇರಿಸುವ ರೀತಿಯಲ್ಲೇ ಅವರು ಹಕ್ಕಿ ನೋಡುವವರನ್ನು ಸೇರಿಸಿದರು. ದುರ್ಬೀನು ಹಿಡಿದು ಸಂತೋಷಪಟ್ಟು ಮನೆಗೆ ಹೋಗುವವರನ್ನು ಕೂರಿಸಿ, ಆ ಹಕ್ಕಿ ಕೂತ ಮರ ಯಾರ ಕೈಯಲ್ಲಿದೆ, ಅದನ್ನು ಉಳಿಸೋಕೆ ಯಾರಿಗೆ ಪತ್ರ ಬರೀಬೇಕು ಅಂತ ಹೇಳಿಕೊಟ್ಟರು.

ಪರಿಸರ ಅಂದ್ರೆ ಹೊಟ್ಟೆ ತುಂಬಿದವರ ಹವ್ಯಾಸ ಅನ್ನೋ ಮಾತು ಇಲ್ಲೂ ಇತ್ತು, ನಮ್ಮ ಕಡೆಯೂ ಇದೆ. ಹೇಜಲ್ ಅದನ್ನು ಒಪ್ಪಲಿಲ್ಲ. 1979ರಲ್ಲಿ ಅವರು ಇಲ್ಲಿನ ಮೂಲನಿವಾಸಿ ಬುಡಕಟ್ಟುಗಳ ಪ್ರತಿನಿಧಿಗಳನ್ನೂ ಪರಿಸರ ಸಂಘಗಳವರನ್ನೂ ಒಂದೇ ಸಭೆಗೆ ಕರೆತಂದರು. ಎರಡೂ ಕಡೆಯವರು ಅಲ್ಲಿಯವರೆಗೆ ಒಬ್ಬರನ್ನೊಬ್ಬರು ದೂರದಿಂದ ನೋಡಿದವರು. ಸಾಲ್ಮನ್ ಮೀನು ಬರುವ ನದಿ ಹಾಳಾದರೆ ಮೊದಲು ಊಟ ಕಳೆದುಕೊಳ್ಳುವವರು ಬುಡಕಟ್ಟಿನವರು, ಅವರನ್ನು ಬಿಟ್ಟು ನದಿಯ ಮಾತು ಆಡುವುದು ಹೇಗೆ ಅನ್ನೋದು ಹೇಜಲ್ ವಾದ.

ಕಷ್ಟದ ದಿನ ಬಂದದ್ದು ಕಾಡಿನ ವಿಷಯದಲ್ಲಿ. ಈ ರಾಜ್ಯದ ಹಳೇ ಕಾಡುಗಳಲ್ಲಿ ಸ್ಪಾಟೆಡ್ ಔಲ್ ಅನ್ನೋ ಗೂಬೆ ಇದೆ. ನೂರಾರು ವರ್ಷದ ದೊಡ್ಡ ಮರಗಳಿಲ್ಲದೆ ಅದು ಬದುಕೋದಿಲ್ಲ. ಆ ಮರಗಳನ್ನೇ ಕಡಿದು ಹತ್ತಾರು ಊರುಗಳು ಹೊಟ್ಟೆ ಹೊರೆಯುತ್ತಿದ್ದವು. ಸಿಯಾಟಲ್ ಆಡುಬಾನ್ ಮತ್ತಿತರ ಸಂಘಗಳು ಕೋರ್ಟಿಗೆ ಹೋದವು. 1991ರಲ್ಲಿ ನ್ಯಾಯಾಧೀಶ ವಿಲಿಯಂ ಡ್ವೈಯರ್ ಗೂಬೆ ಇರುವ ರಾಷ್ಟ್ರೀಯ ಅರಣ್ಯಗಳಲ್ಲಿ ಮರ ಮಾರಾಟಕ್ಕೆ ತಡೆ ಕೊಟ್ಟರು. ಮರ ಕಡಿಯುವವರು, ಗಿರಣಿಯವರು ಗೂಬೆಯ ಮೇಲೆ ಹರಿಹಾಯ್ದರು. ದುಡಿಯುವ ಜನರಿಗೆ ಇದು ನಿಜವಾದ ಪ್ರಶ್ನೆ, ಗೂಬೆಗೋಸ್ಕರ ನನ್ನ ಮಕ್ಕಳು ಉಪವಾಸ ಇರಬೇಕಾ ಅಂತ. ಇದಕ್ಕೆ ಸುಲಭದ ಉತ್ತರ ಇಲ್ಲ. ಆದರೆ ಕಾಡು ಪೂರ್ತಿ ಮುಗಿದ ಮೇಲೆ ಮರ ಕಡಿಯುವವನಿಗೂ ಕೆಲಸ ಇರೋದಿಲ್ಲ ಅನ್ನೋದೂ ನಿಜ. ಸಾಲಿನಲ್ಲಿ ನಿಂತು ಹಸಿವು ಕಂಡಿದ್ದ ಹೇಜಲ್ ಕಾರ್ಮಿಕರೂ ಪರಿಸರದವರೂ ಶತ್ರುಗಳಲ್ಲ, ಒಟ್ಟಿಗೆ ಕೂರಬೇಕಾದವರು ಅಂತ ನಂಬಿದವರು.

ಇಷ್ಟೆಲ್ಲದರ ನಡುವೆ ಪೌರತ್ವ ಸಿಕ್ಕಿದ್ದು ಯಾವಾಗ ಗೊತ್ತಾ? 1970ರ ದಶಕದಲ್ಲಿ. ಅಂದ್ರೆ ಈ ದೇಶಕ್ಕೆ ಬಂದು ಐವತ್ತು ವರ್ಷದ ಮೇಲೆ, ಸಂಘ ಸೇರಿ ಎಷ್ಟೋ ಕಾಲದ ಮೇಲೆ. ಕಾಗದ ಬರಲಿ, ಆಮೇಲೆ ಊರನ್ನು ಪ್ರೀತಿಸೋಣ ಅಂತ ಅವರು ಕಾದು ಕೂತಿದ್ದರೆ ಅವರ ಜೀವನದ ಒಳ್ಳೇ ಕೆಲಸಗಳಲ್ಲಿ ಎಷ್ಟೋ ನಡೆಯುತ್ತಲೇ ಇರಲಿಲ್ಲ.

ಎಂಬತ್ತು, ತೊಂಬತ್ತರ ವಯಸ್ಸಿನಲ್ಲೂ ಸಭೆ, ಪ್ರವಾಸ, ಭಾಷಣ ಬಿಡಲಿಲ್ಲ. ಪಶ್ಚಿಮದ ರಾಜ್ಯಗಳ ಚಾರಣ ಸಂಘಗಳ ಒಕ್ಕೂಟದ ಪತ್ರಿಕೆಯನ್ನು ಸಂಪಾದಿಸಿದರು. ಶಾಲಾ ಮಕ್ಕಳ ಜೊತೆ ಹರಟುವುದು ಅವರಿಗೆ ಬಹಳ ಇಷ್ಟ. 1997ರಲ್ಲಿ ರಾಷ್ಟ್ರೀಯ ಆಡುಬಾನ್ ಸೊಸೈಟಿ ಪದಕ ಕೊಟ್ಟು ಗೌರವಿಸಿತು. 1800ರ ಶತಮಾನದಲ್ಲಿ ಹುಟ್ಟಿದ ತಾವು 2000ನೇ ಇಸವಿ ನೋಡಿ ಮೂರು ಶತಮಾನ ಮುಟ್ಟಬೇಕು ಅನ್ನೋದು ಅವರ ತಮಾಷೆಯ ಹಟ. ಹಟ ಗೆದ್ದೇ ಹೋದರು. 2000ದ ಜನವರಿ 19ರಂದು, ನೂರೊಂದರ ವಯಸ್ಸಿನಲ್ಲಿ, ಪೋರ್ಟ್ ಏಂಜಲಿಸ್‌ನಲ್ಲಿ ಕೊನೆಯುಸಿರು ಎಳೆದರು.

ಅವರ ಸಂಘಕ್ಕೆ ಈಗ ಹೆಸರು ಬದಲಾಗಿದೆ. ಜಾನ್ ಜೇಮ್ಸ್ ಆಡುಬಾನ್ ದೊಡ್ಡ ಹಕ್ಕಿ ಚಿತ್ರಕಾರ, ಆದರೆ ಗುಲಾಮರನ್ನು ಇಟ್ಟುಕೊಂಡಿದ್ದವರು. ಎಲ್ಲರೂ ಬರಬೇಕಾದ ಸಂಘಕ್ಕೆ ಆ ಹೆಸರು ಬೇಡ ಅಂತ 2022ರಲ್ಲಿ ತೀರ್ಮಾನಿಸಿ, ಮರುವರ್ಷ ಬರ್ಡ್ಸ್ ಕನೆಕ್ಟ್ ಸಿಯಾಟಲ್ ಅಂತ ಹೆಸರಿಟ್ಟುಕೊಂಡರು. ಅವರ ಹಕ್ಕಿ ನಡಿಗೆಗಳು ಈಗಲೂ ನಡೆಯುತ್ತವೆ, ಹೊಸಬರನ್ನೂ ಕರೆದುಕೊಳ್ಳುತ್ತಾರೆ.

ನಮ್ಮ ಕೂಟದ ಕೆಲವು ಮನೆಯವರೂ ರೆಡ್ಮಂಡ್‌ನ ಮೇರಿಮೂರ್ ಪಾರ್ಕಿಗೆ, ಯೂನಿಯನ್ ಬೇ ಕಡೆಗೆ ಹಕ್ಕಿ ನೋಡಲು ಹೋಗ್ತೀವಿ. ಯೂನಿಯನ್ ಬೇ ಜಾಗ ಒಂದು ಕಾಲಕ್ಕೆ ಸಿಯಾಟಲ್‌ನ ಕಸ ಸುರಿಯುವ ಗುಂಡಿ, ಈಗ ಬಾತು, ಬಕಗಳ ಊರು. ಅಕ್ಟೋಬರ್ ಆದರೆ ಸ್ಕಾಗಿಟ್ ಕಣಿವೆಯ ಹೊಲಗಳಿಗೆ ರಷ್ಯಾದ ರ‍್ಯಾಂಗಲ್ ದ್ವೀಪದಿಂದ ಬಿಳಿ ಹೆಬ್ಬಾತುಗಳು ಸಾವಿರ ಸಾವಿರ ಬಂದು ಇಳಿಯುತ್ತವೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರ್ತಾವಲ್ಲ, ಅದನ್ನು ಕಂಡವರಿಗೆ ಸ್ಕಾಗಿಟ್‌ನ ಆಕಾಶ ಪರಕೀಯ ಅನ್ನಿಸೋದಿಲ್ಲ.

ಹಕ್ಕಿ ನೋಡೋಕೆ, ನೋಡಿದ್ದನ್ನು ಬರೆದಿಡೋಕೆ, ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಗೆ ಸೇರೋಕೆ ಯಾರೂ ವೀಸಾ ಕೇಳೋದಿಲ್ಲ. ಮಕ್ಕಳನ್ನು ಕರ್ಕೊಂಡು ಬನ್ನಿ. ದುರ್ಬೀನು ಇಲ್ಲದಿದ್ದರೂ ಪರವಾಗಿಲ್ಲ, ಒಂದನ್ನೇ ಸರದಿಯಲ್ಲಿ ನೋಡೋಣ. ದೊಡ್ಡ ಮರ ಕಂಡಾಗ ನೇರ ತುದಿಗೆ ಕಣ್ಣು ಹಾಯಿಸಬೇಡಿ, ಬುಡದಿಂದ ನಿಧಾನಕ್ಕೆ ಮೇಲಕ್ಕೆ ನೋಡುತ್ತಾ ಹೋಗಿ. ತೊಗಟೆಯದ್ದೇ ಒಂದು ಚೂರು ಅಲ್ಲಾಡಿದ ಹಾಗೆ ಕಂಡರೆ, ಅದೇ ಹೇಜಲ್ ಅಜ್ಜಿಯ ಹಕ್ಕಿ.