ಕವಿಚಕ್ರವರ್ತಿ ಜನ್ನನು

ನಮ್ಮ ಬೋರ್ಡಿಂಗಿನಲ್ಲಿ ದೀಪವಾರಿದ ಬಳಿಕ ಐಗಳಿ, ಅಥಣಿ ಕಡೆಯ ಬಾಲಿಕೆಯರು ಪಿಸುಮಾತಿನಲ್ಲಿ ದೆವ್ವದ ಕಥೆಗಳನ್ನು ಹೇಳಿಕೊಳ್ಳುವರೆಂಬದು ನಮಗೆ ತಿಳಿಯದ ಸಂಗತಿಯಲ್ಲ. ಮೊದಮೊದಲು ನಾವು ಗದರಿಸುತ್ತಿದ್ದೆವು. ಈಗ ಅದನ್ನು ಬಿಟ್ಟು, ಭಯಂಕರವಾದ ಕಥೆಯನ್ನು ಹೇಗೆ ಹೇಳಬೇಕೆಂಬದನ್ನು ಚೆನ್ನಾಗಿ ಬಲ್ಲ ಒಬ್ಬ ಕನ್ನಡ ಕವಿಯ ಚರಿತ್ರೆಯನ್ನು ಅವರಿಗೆ ಹೇಳುತ್ತೇವೆ. ಆತನೇ ಜನ್ನನು.

ಜನ್ನನು ದೋರಸಮುದ್ರದ, ಎಂದರೆ ಇಂದಿನ ಹಳೇಬೀಡಿನ, ಹೊಯ್ಸಳ ಅರಸರ ಆಶ್ರಯದಲ್ಲಿ ಬಾಳಿದ ಜೈನ ಕವಿಯು. ತಂದೆಯಾದ ಶಂಕರನು ಸುಮನೋಬಾಣನೆಂದು ಹೆಸರಾದ ಕವಿ, ತಾಯಿಯು ಗಂಗಾದೇವಿ. ಮನೆತನವೇ ವಿದ್ಯೆಯ ಮನೆತನ. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನು ಈತನ ಅಕ್ಕತಂಗಿಯರಲ್ಲೊಬ್ಬಳ ಪತಿ. ಅವರ ಮಗನೇ ವ್ಯಾಕರಣಕಾರನಾದ ಕೇಶಿರಾಜನು. ನಮ್ಮ ಬಾಲಿಕೆಯರನ್ನು ಪರೀಕ್ಷೆಯ ಕಾಲದಲ್ಲಿ ಅಳಿಸುವ ಶಬ್ದಮಣಿದರ್ಪಣವು ಆ ಸೋದರಳಿಯನದೇ. ಅದನ್ನು ಕಿಟ್ಟೆಲ್ ಸಾಹೇಬರು ಸಂಪಾದಿಸಿ 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚುಮಾಡಿಸಿದರು.

ವೀರಬಲ್ಲಾಳನು ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದನ್ನಿತ್ತನು. ಪೊನ್ನ ರನ್ನರ ತರುವಾಯ ಆ ಬಿರುದಿನಿಂದ ಪ್ರಸಿದ್ಧನಾದವನು ಈತನೇ. ಕವಿಯು ದಂಡಾಧೀಶನೂ ಮಂತ್ರಿಯೂ ಆಗಿದ್ದನೆಂಬದನ್ನು ಇಲ್ಲಿ ಮರೆಯಲಾಗದು. ಕತ್ತಿಯ ಕೆಲಸವನ್ನು ಹತ್ತಿರದಿಂದ ಬಲ್ಲವನೇ 1209ರಲ್ಲಿ ಯಶೋಧರಚರಿತೆಯನ್ನು ಬರೆದನು.

ಕಥೆಯು ವಾದಿರಾಜನ ಸಂಸ್ಕೃತ ಕಾವ್ಯದಿಂದ ಬಂದುದು; ಆದರೆ ಹೇಳುವ ಬಗೆಯು ಜನ್ನನದು. ಮಾರಿದತ್ತನೆಂಬ ಅರಸನು ಚಂಡಮಾರಿಯ ಗುಡಿಯಲ್ಲಿ ಅಸಂಖ್ಯ ಪ್ರಾಣಿಗಳೊಡನೆ ಎರಡು ನರಬಲಿಗಳನ್ನೂ ಕೊಡಬೇಕೆಂದಿರುವನು. ಆಳುಗಳು ಎಳೆತಂದ ಮಕ್ಕಳಿಬ್ಬರು, ಅಭಯರುಚಿ ಮತ್ತು ಅಭಯಮತಿಯೆಂಬ ಅಣ್ಣತಂಗಿಯರು, ಕತ್ತಿಯ ಕೆಳಗೆ ನಿಂತೂ ಬೆದರುವದಿಲ್ಲ. ಬೆರಗಾದ ಅರಸನು ಕಾರಣವನ್ನು ಕೇಳುತ್ತಾನೆ. ಆಗ ಹುಡುಗನು ತನ್ನ ಪೂರ್ವಜನ್ಮಗಳನ್ನು ಹೇಳತೊಡಗುತ್ತಾನೆ.

ಹಿಂದೆ ಆತನು ಉಜ್ಜಯಿನಿಯ ಅರಸನಾದ ಯಶೋಧರನು. ರಾತ್ರಿ ಕಿವಿಗೆ ಬಿದ್ದ ಹಾಡಿಗೆ ರಾಣಿ ಅಮೃತಮತಿಯು ಮನಸೋತು ಕುರೂಪಿಯಾದ ಮಾವಟಿಗನನ್ನು ಒಲಿದುದನ್ನು ಕಂಡೂ ಆತನು ಎತ್ತಿದ ಕತ್ತಿಯನ್ನು ಇಳಿಸಿದನು. ಸತ್ಯವನ್ನು ಹೇಳಲಾರದೆ, ಕೆಟ್ಟ ಕನಸು ಕಂಡೆನೆಂದು ತಾಯಿ ಚಂದ್ರಮತಿಗೆ ಹೇಳಿದನು. ಆಕೆಯು ಶಾಂತಿಗಾಗಿ ಬಲಿಯನ್ನು ಕೊಡಬೇಕೆಂದಳು. ಜೀವಹಿಂಸೆಗೆ ಆತನು ಒಪ್ಪಲಿಲ್ಲ. ಕಡೆಗೆ ಹಿಟ್ಟಿನ ಕೋಳಿಯನ್ನು ಕಡಿಯುವದೆಂದಾಯಿತು. ಕಡಿಯುವಾಗ ಆ ಹಿಟ್ಟಿನ ಕೋಳಿಯು ಕೂಗಿತು!

ಇಷ್ಟನ್ನು ಓದಿ ನಾವು ತರಗತಿಯಲ್ಲಿ ಸ್ವಲ್ಪ ಸುಮ್ಮನಾಗುವೆವು. ಹುಡುಗಿಯರು ಬೆಂಚುಗಳಲ್ಲಿ ಒತ್ತಿ ಕೂಡುವರು. ಆಂಗ್ಲ ಕಥೆಗಳನ್ನು ಓದಿದವರಿಗೆ ಅಮೇರಿಕದ ಎಡ್ಗರ್ ಆಲನ್ ಪೋ ನೆನಪಾಗಬಹುದು. ಆತನ 1843ರ ಕಥೆಯೊಂದರಲ್ಲಿ ಕೊಲೆಗಾರನಿಗೆ ನೆಲದ ಹಲಗೆಯಡಿಯಿಂದ ಸತ್ತವನ ಹೃದಯದ ಬಡಿತವು ಕೇಳಿಸುವದು. ಪೋ ಹುಟ್ಟಿದ್ದು 1809ರಲ್ಲಿ, ಯಶೋಧರಚರಿತೆಯು ಮುಗಿದ ಸರಿಯಾಗಿ ಆರುನೂರು ವರ್ಷಗಳಿಗೆ. ಅಲ್ಲಿ ಕೊಲೆಯು ನಿಜವಾಗಿ ನಡೆದಿದೆ; ಇಲ್ಲಿ ಕತ್ತಿಯು ತಗಲಿದ್ದು ಬರಿಯ ಹಿಟ್ಟಿಗೆ. ಕೊಲ್ಲುವ ಸಂಕಲ್ಪವೊಂದೇ ಸಾಕಾಯಿತೆಂಬಲ್ಲಿ ಜನ್ನನ ಭಯಾನಕವು ಹೆಚ್ಚು ಆಳವಾದುದೆಂದು ನಮ್ಮ ಅಭಿಪ್ರಾಯ.

ಮುಂದೆ ರಾಣಿಯು ತಾಯಿಮಕ್ಕಳಿಬ್ಬರಿಗೂ ವಿಷವಿಕ್ಕಿದಳು. ಅವರು ನವಿಲೂ ನಾಯಿಯೂ ಆಗಿ ಹುಟ್ಟಿ, ಪ್ರಾಣಿಜನ್ಮಗಳನ್ನು ಒಂದರ ಮೇಲೊಂದು ತೊಳಲಿ, ಕಡೆಗೆ ಕೋಳಿಗಳಾಗಿ ಯಶೋಧರನ ಮಗನಾದ ಯಶೋಮತಿಯ ಬಾಣದಿಂದಲೇ ಸತ್ತು, ಅವನ ಮಕ್ಕಳಾಗಿಯೇ ಹುಟ್ಟಿದರು. ಹಿಟ್ಟಿನ ಕೋಳಿಗೆ ಇಷ್ಟು ದಂಡವೇ ಎಂದು ಪ್ರತಿವರ್ಷವೂ ಯಾವಳಾದರೊಬ್ಬಳು ಕೇಳದೆ ಬಿಡುವದಿಲ್ಲ. ಒಮ್ಮೆ ಒಬ್ಬಳು ಕಣ್ಣೀರು ತಂದುಕೊಂಡು, ತಾಯಿಯ ಮಾತನ್ನು ಮೀರಲಾಗದ ಮಗನು ಮಾಡುವದಾದರೂ ಏನೆಂದು ಕೇಳಿದಳು. ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ರಾಣಿಯ ವಿಷಯವನ್ನೂ ಕೇಳುವವರುಂಟು; ಗಿರೀಶ ಕಾರ್ನಾಡರು 1980ರಲ್ಲಿ ಬಂದ ತಮ್ಮ ಹಿಟ್ಟಿನ ಹುಂಜವೆಂಬ ನಾಟಕಕ್ಕೆ ಈ ಕಥೆಯನ್ನೇ ಆಧಾರವಾಗಿಟ್ಟುಕೊಂಡರು.

ಜನ್ನನು 1230ರಲ್ಲಿ ಅನಂತನಾಥಪುರಾಣವನ್ನು ಮುಗಿಸಿದನು. ಅದರಲ್ಲಿ ಚಂಡಶಾಸನನು ಗೆಳೆಯ ವಸುಷೇಣನ ಪತ್ನಿಯಾದ ಸುನಂದೆಯನ್ನು ಕದ್ದೊಯ್ದು, ಪತಿಯ ತಲೆಯೆಂದು ಮಾಯೆಯ ತಲೆಯೊಂದನ್ನು ತೋರಿಸುವನು. ಅದನ್ನು ಕಂಡೊಡನೆ ಆಕೆಯ ಪ್ರಾಣವು ಹೋಗುವದು. ಆ ದುಷ್ಟನೂ ಅವಳ ಚಿತೆಯಲ್ಲಿಯೇ ಬಿದ್ದು ಸುಟ್ಟುಹೋಗುವನು. ಈ ಭಾಗವನ್ನು ನಾವು ಹಗಲಿನಲ್ಲಿ ಮಾತ್ರ ಓದಿಸುತ್ತೇವೆ.